ತಟ್ಟೆಯ ಕೆಳಗಿನ ಜೇಡಿಮಣ್ಣು

ದಸರೆ ರಜೆ ಮುಗಿದು ಶಾಲೆ ತೆರೆದ ದಿನ ಹೆಡ್‌ಮಿಸ್ ನನ್ನ ಕೈಗೆ ನಲಿ-ಕಲಿ ಕೊಠಡಿಯ ಬೀಗದ ಕೈ ಕೊಟ್ಟರು. ಅಲ್ಲಿಯ ಟೀಚರ್ ಹೆರಿಗೆ ರಜೆಗೆ ಹೋಗಿದ್ದರು. ನನ್ನ ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಆ ದಿನದವರೆಗೆ ನಾನು ಆರು, ಏಳನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿದವನು. ಒಂದರಿಂದ ಮೂರನೆಯ ತರಗತಿಯ ಇಪ್ಪತ್ತೇಳು ಮಕ್ಕಳು ಒಂದೇ ಕೋಣೆಯ ನೆಲದ ಮೇಲೆ ಗುಂಪುಗುಂಪಾಗಿ ಕೂತು, ಮಣ್ಣು ಕಲಸಿ, ಕಾಗದ ಕತ್ತರಿಸಿ, ಬೀಜ ಎಣಿಸಿ ಕಲಿಯುವುದನ್ನು ಬಾಗಿಲಿನಿಂದ ನೋಡಿ ಮೂಗು ಮುರಿದಿದ್ದೆನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ.

"ಜಾಸ್ತಿ ಏನೂ ಬೇಡ ಸರ್," ಎಂದರು ಹೆಡ್‌ಮಿಸ್. "ಮಕ್ಕಳು ಮಾಡೋದನ್ನ ಮಾಡೋಕೆ ಬಿಡಿ. ನೀವು ಸುಮ್ನೆ ಜೊತೇಲಿರಿ."

ಸುಮ್ಮನೆ ಜೊತೆಯಲ್ಲಿರುವುದು ನನಗೆ ಬರುವುದಿಲ್ಲ. ಹೈಸ್ಕೂಲು ಮುಗಿಯುವವರೆಗೂ ಮಠದ ವಿದ್ಯಾರ್ಥಿನಿಲಯದಲ್ಲಿ ಬೆಳೆದೆ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ತೊಳೆದ ತಟ್ಟೆಯನ್ನು ಸಾಲಿನಲ್ಲಿ ಬೋರಲು ಹಾಕಬೇಕು. ಆ ಕೋಣೆಗೂ ಎರಡು ವಾರದಲ್ಲಿ ಅದೇ ಶಿಸ್ತು ತಂದೆ. ಹುಣಸೆಬೀಜಕ್ಕೊಂದು ಡಬ್ಬಿ, ಗುಂಡಿಗೊಂದು ಡಬ್ಬಿ, ಜೇಡಿಮಣ್ಣಿನ ಬಕೆಟ್ಟಿಗೆ ಒದ್ದೆ ಗೋಣಿ. ಸಂಜೆ ಬೆಲ್ಲಿಗೆ ಕಾಲು ಗಂಟೆ ಮುಂಚೆ ಕಪ್ಪು ಹಲಗೆಯ ಮೇಲೆ ದಿನದ ನುಡಿ ಎಂದು ಒಂದು ವಾಕ್ಯ ಬರೆಯುತ್ತಿದ್ದೆ. ಎಲ್ಲರೂ ಅದನ್ನು ಮೂರು ಸಲ ನಕಲು ಮಾಡಿ, ಮನೆಯಲ್ಲಿ ಓದಿ ತೋರಿಸಿ, ಅಪ್ಪನದೋ ಅಮ್ಮನದೋ ಸಹಿ ಹಾಕಿಸಿಕೊಂಡು ಬರಬೇಕು. ಒಂದನೆಯವರಿಗೆ ಅಕ್ಷರ ಇನ್ನೂ ಕೂಡಿರಲಿಲ್ಲ. ಚಿತ್ರ ಬಿಡಿಸಿದಂತೆ ಬಿಡಿಸುತ್ತಿದ್ದರು. ಸಹಿ ಇಲ್ಲದೆ ಬಂದವರು ಬಾಗಿಲ ಬಳಿ ನಿಲ್ಲಬೇಕಿತ್ತು. ಎರಡನೆಯ ವಾರದಿಂದ ಬಾಗಿಲ ಬಳಿ ಯಾರೂ ನಿಲ್ಲಲಿಲ್ಲ. ನನಗೆ ಹೆಮ್ಮೆಯಾಯಿತು.

ನವೆಂಬರಿನಲ್ಲಿ ನಲಿ-ಕಲಿಯ ಗಣಿತ ಪಾಠದ ಕಾರ್ಡುಗಳು ಭಾರ–ಹಗುರಕ್ಕೆ ಬಂದವು. ಮೂವರಿಗೊಂದರಂತೆ ಮಕ್ಕಳೇ ತಕ್ಕಡಿ ಮಾಡಿ, ಬೀಜ, ಕಲ್ಲು, ಬಳಪ ಹಾಕಿ ತೂಗಿ ನೋಡಬೇಕು. ಅದೇ ವಾರದ ಶುಕ್ರವಾರ ಶಿಕ್ಷಣ ಇಲಾಖೆಯ ಕ್ಲಸ್ಟರಿನಿಂದ ಇಬ್ಬರು ತರಗತಿ ನೋಡಲು ಬರುವವರಿದ್ದರು. ಒಂಬತ್ತು ಗುಂಪು, ಒಂಬತ್ತು ತಕ್ಕಡಿ, ನಾಲ್ಕು ದಿನ ಎಂದು ಲೆಕ್ಕ ಹಾಕಿದೆ.

ಸೋಮವಾರ ಚಿಪ್ಪುಗಳ ಕೆಲಸ. ಬಿಸಿಯೂಟದ ಅಡುಗೆಯಮ್ಮ ತೆಂಗಿನ ಚಿಪ್ಪುಗಳನ್ನು ಚೀಲದಲ್ಲಿ ಕೂಡಿಟ್ಟಿದ್ದರು. ನಾರು ಕೆರೆದು, ಮರಳು ಕಾಗದದಲ್ಲಿ ಉಜ್ಜಿ, ಗಾತ್ರ ನೋಡಿ ಜೋಡಿ ಮಾಡಿದೆ. ಕಾದ ಮೊಳೆಯಿಂದ ಅಂಚಿಗೆ ಮೂರು ತೂತು ಸುಡಬೇಕು. ಮೊದಲ ಮೂರು ಚಿಪ್ಪು ಸೀಳಿಹೋದವು. ತೂತು ಅಂಚಿಗೆ ತೀರ ಹತ್ತಿರವಾಗಿತ್ತು. ಆಮೇಲೆ ಒಂದು ಬೆರಳಗಲ ಕೆಳಗೆ ಸುಟ್ಟೆ. ತೂತುಗಳು ಸಮದೂರದಲ್ಲಿರಲೆಂದು ಅಂಚಿನ ಸುತ್ತಳತೆಗೆ ಕಾಗದದ ಪಟ್ಟಿ ಕತ್ತರಿಸಿ ಮೂರು ಮಡಿಕೆ ಮಾಡಿ ಗುರುತು ಹಾಕಿದೆ. ಮಂಗಳವಾರ ಬಿದಿರಿನ ಕಡ್ಡಿಗಳನ್ನು ಒಂದಡಿಗೆ ಕತ್ತರಿಸಿ, ನಟ್ಟನಡುವೆ ಗೆರೆ ಕೊರೆದು, ತುದಿಗಳಲ್ಲಿ ಕಚ್ಚು ಮಾಡಿದೆ. ದಾರಗಳೂ ಅಳತೆ ಮಾಡಿದವೇ. ಮಕ್ಕಳ ಕೈಗೆ ಉಳಿದದ್ದು ದಾರ ಪೋಣಿಸುವ ಕೆಲಸ ಮಾತ್ರ. ಅದನ್ನೂ ಗಂಟು ಸಡಿಲವಾಗಿದೆ ಎಂದು ನಾನೇ ಮತ್ತೆ ಬಿಗಿದೆ.

ನಲಿ-ಕಲಿ ಕೋಣೆಯಲ್ಲಿ ಮಕ್ಕಳ ಕೆಲಸ ನೇತುಹಾಕಲು ತಲೆಯ ಮೇಲೆ ಗೋಡೆಯಿಂದ ಗೋಡೆಗೆ ತಂತಿ ಎಳೆದಿರುತ್ತಾರೆ, ಚಪ್ಪರ ಎನ್ನುತ್ತಾರೆ. ಬುಧವಾರ ಸಂಜೆ ಒಂಬತ್ತೂ ತಕ್ಕಡಿಗಳನ್ನು ಅದಕ್ಕೆ ತೂಗಿಬಿಟ್ಟೆ. ಒಂದೂ ನೇರ ನಿಲ್ಲಲಿಲ್ಲ. ಅಳತೆ ಸಮವಿದ್ದರೆ ಭಾರವೂ ಸಮ ಎಂದು ನಂಬಿಕೊಂಡಿದ್ದೆ. ಕಣ್ಣಿರುವ ಹೋಳು ದಪ್ಪ, ಇನ್ನೊಂದು ತೆಳು ಎನ್ನುವುದು ಲೆಕ್ಕಕ್ಕೇ ಬಂದಿರಲಿಲ್ಲ. ಚಿಪ್ಪು ಅದಲು ಬದಲು ಮಾಡಿದೆ, ಇನ್ನಷ್ಟು ಉಜ್ಜಿದೆ, ನಡುವಿನ ಗಂಟನ್ನು ಅತ್ತಿತ್ತ ಸರಿಸಿದೆ. ಆಗಲಿಲ್ಲ. ಯಾರೂ ಮುಟ್ಟಕೂಡದು ಎಂದು ಹಲಗೆಯ ಮೇಲೆ ಬರೆದು, ತಕ್ಕಡಿಗಳನ್ನು ಇಳಿಸಿ ಮೂಲೆಯಲ್ಲಿಟ್ಟು ಮನೆಗೆ ಹೋದೆ.

ಗುರುವಾರ ಬೆಳಿಗ್ಗೆ ಮಕ್ಕಳು ಜೇಡಿಮಣ್ಣಿನಲ್ಲಿ ಕಾಯಿಪಲ್ಲೆ ಮಾಡುತ್ತಿದ್ದರು. ನಾನು ಹಾಜರಿ ಕೊಟ್ಟು ಆಫೀಸಿನಿಂದ ವಾಪಸು ಬಂದಾಗ ಎರಡನೆಯ ತರಗತಿಯ ಒಬ್ಬ ಹುಡುಗಿ ಒಂದು ತಕ್ಕಡಿಯನ್ನು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಅದು ಗೆರೆ ಎಳೆದ ಹಾಗೆ ನೇರ ನಿಂತಿತ್ತು. ಒಂದು ಕ್ಷಣ ನನಗೆ ಸಂತೋಷವೇ ಆಯಿತು. ಇಸಿದುಕೊಂಡು ತಿರುಗಿಸಿದೆ. ಒಂದು ಚಿಪ್ಪಿನ ಅಡಿಗೆ ಅಡಿಕೆ ಗಾತ್ರದ ಜೇಡಿಮಣ್ಣು ಅಂಟಿಸಿತ್ತು.

"ಯಾರಮ್ಮ ಇದನ್ನ ಅಂಟಿಸಿದ್ದು?"

"ನಾನೇ ಸಾ."

"ಮುಟ್ಟಬಾರದು ಅಂತ ಬರೆದಿರಲಿಲ್ವಾ?"

"ಅದು ವಾಲ್ಕೊಂಡಿತ್ತು ಸಾ. ನಮ್ಮಪ್ಪನ ತಕ್ಕಡೀಗೂ ಇಂಗೇ ಕಟ್ಟದೆ ಸಾ."

ಅವಳ ಅಪ್ಪ ರಾಜೀವನಗರದ ಬೀದಿಗಳಲ್ಲಿ ತಳ್ಳುಗಾಡಿಯಲ್ಲಿ ತರಕಾರಿ ಮಾರುವವರು. ಎಲ್ಲ ಮಕ್ಕಳಿಗೂ ಗೊತ್ತು. ಅರ್ಧ ತರಗತಿಯ ಮನೆಗಳ ಮುಂದೆ ಆ ಗಾಡಿ ದಿನಾ ನಿಲ್ಲುತ್ತದೆ.

ಮೂರು ದಿನದ ನನ್ನ ಕೆಲಸ ಕೆಟ್ಟಿತ್ತು. ಏಳು ವರ್ಷದ ಮಗು ಒಂದು ಚಿಟಿಕೆ ಮಣ್ಣಿನಲ್ಲಿ ಅದನ್ನು ಸರಿ ಮಾಡಿತ್ತು. ಆಗ ನನ್ನ ಬಾಯಿಂದ ಬಂದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ:

"ತಟ್ಟೆ ಕೆಳಗೆ ಮಣ್ಣು ಅಂಟಿಸೋದು ಕಳ್ಳ ವ್ಯಾಪಾರಿಗಳ ಕೆಲಸ. ನಿಮ್ಮಪ್ಪ ಹೀಗೇನಾ ತೂಗೋದು?"

ಮಕ್ಕಳು ಗೊಳ್ಳೆಂದರು. ನಾನೂ ನಕ್ಕೆ. ಮಣ್ಣನ್ನು ಉಗುರಿನಿಂದ ಕೆರೆದು ಬಕೆಟ್ಟಿಗೆ ಹಾಕಿದೆ. ತಕ್ಕಡಿ ಮತ್ತೆ ವಾಲಿತು. ಸಂಜೆ ಹಲಗೆಯ ಮೇಲೆ ದುಂಡಗೆ ಬರೆದೆ: "ತೂಕದಲ್ಲಿ ಮೋಸ ಮಾಡಬಾರದು." ಎಲ್ಲರೂ ಮೂರು ಸಲ ಬರೆದರು. ಆ ಹುಡುಗಿಯೂ ಬರೆದಳು. ಅವಳ ಅಕ್ಷರ ತರಗತಿಗೇ ಒಳ್ಳೆಯದು. ಕೆಂಪು ಪೆನ್ನಿನಲ್ಲಿ ಗುರುತು ಹಾಕಿ "ಚೆನ್ನಾಗಿದೆ" ಎಂದು ಬರೆದುಕೊಟ್ಟೆ.

ಮಕ್ಕಳು ಹೋದ ಮೇಲೆ ನಾಳೆಯ ಭೇಟಿಗಾಗಿ ಒಬ್ಬನೇ ಕೂತೆ. ಮತ್ತೆ ಉಜ್ಜಿದೆ, ಮತ್ತೆ ಗಂಟು ಸರಿಸಿದೆ. ಗಂಟೆ ಐದಾಯಿತು. ಆಗ ನನ್ನ ಕೈ ತಾನೇ ಬಕೆಟ್ಟಿಗೆ ಹೋಯಿತು. ಮಣ್ಣು ಚಿವುಟಿ, ಮೇಲೆ ನಿಂತಿದ್ದ ಚಿಪ್ಪಿನ ಅಡಿಗೆ ಒತ್ತಿ, ಬಿಟ್ಟು ನೋಡಿ, ಇನ್ನಷ್ಟು ಒತ್ತಿತು. ತಕ್ಕಡಿ ನೇರ ನಿಂತಿತು.

ಆ ಕೈಗೆ ಅಭ್ಯಾಸವಿತ್ತು. ನನ್ನ ತಂದೆಯದು ದಿನಸಿ ಅಂಗಡಿ. ರಜೆಗೆ ಮನೆಗೆ ಬಂದಾಗ ನೋಡುತ್ತಿದ್ದೆ: ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಬಾಗಿಲು ತೆರೆದು, ಮೊದಲು ಖಾಲಿ ತಕ್ಕಡಿ ಎತ್ತಿ ಹಿಡಿಯುತ್ತಿದ್ದರು. ವಾಲಿದರೆ ಹಗುರಾದ ತಟ್ಟೆಯ ಅಡಿಗೆ ಒಂದಿಷ್ಟು ಹುಣಸೆಹಣ್ಣು ಅಂಟಿಸಲು ನನಗೆ ಹೇಳುತ್ತಿದ್ದರು. ಖಾಲಿ ತಕ್ಕಡಿ ಸಮ ನಿಂತ ಮೇಲೆಯೇ ಮೊದಲ ಗಿರಾಕಿ. ಹಾಗಾದರೆ ಬೆಳಿಗ್ಗೆ ಆ ಮಗುವಿಗೆ ಹೇಳಿದ್ದು ಗೊತ್ತಿಲ್ಲದೆ ಹೇಳಿದ್ದಲ್ಲ. ಗೊತ್ತಿದ್ದದ್ದನ್ನು ಸಿಟ್ಟಿನಲ್ಲಿ ಬದಿಗೆ ತಳ್ಳಿ ಹೇಳಿದ್ದು.

ಇದು ಹೊಳೆದ ಮೇಲೂ ಕೆಲಸ ನಿಲ್ಲಿಸಲಿಲ್ಲ. ಒಂಬತ್ತಕ್ಕೂ ಮಣ್ಣು ಅಂಟಿಸಿದೆ. ಅವಳ ತಕ್ಕಡಿಗೂ, ನಾನು ಕೆರೆದ ಜಾಗಕ್ಕೇ. ಮಣ್ಣಿನ ಬಣ್ಣವೂ ಚಿಪ್ಪಿನ ಬಣ್ಣವೂ ಹೆಚ್ಚುಕಡಿಮೆ ಒಂದೇ. ಹೆಬ್ಬೆರಳಿನಿಂದ ಸವರಿ ತೆಳ್ಳಗೆ ಮಾಡಿದೆ. ಮೇಲಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ.

ಶುಕ್ರವಾರ ಬಂದವರು ಚಪ್ಪರದ ಕೆಳಗೆ ನಿಂತು ಮೆಚ್ಚಿಕೊಂಡರು. "ಒಂಬತ್ತೂ ಎಷ್ಟು ನೇರ ನಿಂತಿವೆ ಸರ್! ಮಕ್ಕಳೇ ಮಾಡಿದ್ದಾ?"

"ಮಕ್ಕಳೇ. ಅಳತೆ ಸರಿ ಇದ್ದರೆ ಎಲ್ಲಾ ಸರಿ," ಎಂದೆ.

ಅವರು ನಿಂತಿದ್ದರು, ನಾನೂ ನಿಂತಿದ್ದೆ. ತಕ್ಕಡಿಗಳು ನಮ್ಮ ಎದೆಯ ಮಟ್ಟಕ್ಕೆ ತೂಗುತ್ತಿದ್ದವು. ನಮಗೆ ಚಿಪ್ಪಿನ ಒಳಗು ಮಾತ್ರ ಕಾಣುತ್ತಿತ್ತು. ಮಕ್ಕಳು ನೆಲದ ಮೇಲೆ ಕೂತಿದ್ದರು. ಅವರಿಗೆ ಕಾಣುವುದು ಚಿಪ್ಪಿನ ಅಡಿ. ಇಡೀ ಸಂಜೆ ಸವರಿದರೂ ಇದು ನನಗೆ ಹೊಳೆದಿರಲಿಲ್ಲ.

ಆ ಹುಡುಗಿ ಕತ್ತೆತ್ತಿ ಒಂದೊಂದನ್ನೇ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳು. ಒಂಬತ್ತನೆಯದು ಮುಗಿದ ಮೇಲೆ ನನ್ನ ಮುಖ ನೋಡಿದಳು. ಅವಳ ಪಕ್ಕದಲ್ಲಿದ್ದವನು "ಸಾ, ಕೆಳಗಡೆ..." ಎಂದು ಶುರು ಮಾಡಿದ. "ಬಾಯಿ ಮೇಲೆ ಬೆರಳು," ಎಂದೆ. ಇಪ್ಪತ್ತೇಳು ಮಕ್ಕಳೂ ಬಾಯಿಯ ಮೇಲೆ ಬೆರಳಿಟ್ಟರು. ಬಂದವರು ಶಿಸ್ತನ್ನೂ ಮೆಚ್ಚಿ ಭೇಟಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಹೋದರು.

ಶನಿವಾರ ಅವಳು ಬರಲಿಲ್ಲ. ಸೋಮವಾರವೂ ಇಲ್ಲ. ಮಧ್ಯಾಹ್ನ ಊಟ ಬಡಿಸಿ ಆದ ಮೇಲೆ ಅಡುಗೆಯಮ್ಮ ಬಾಗಿಲಿಗೆ ಬಂದು ನಿಂತರು. ಅವರ ಮನೆ ಆ ಹುಡುಗಿಯ ಮನೆಯಿರುವ ಬೀದಿಯಲ್ಲೇ.

"ಸಾ, ಒಂದ್ ಮಾತು. ಬೇಜಾರ್ ಮಾಡ್ಕೋಬಾರ್ದು."

"ಹೇಳಮ್ಮ."

"ತರಕಾರಿ ಅಣ್ಣ ತೂಕದಲ್ಲಿ ಮೋಸ ಮಾಡ್ತಾನೆ ಅಂತ ಬೋರ್ಡ್ ಮೇಲೆ ಬರೆದ್ರಂತಲ್ಲ?"

"ನಾನು ಹಾಗೆ ಬರೆದಿಲ್ಲ."

"ಬರ್ದಿಲ್ಲ, ಸರಿ. ಮಕ್ಳು ಮೂರ್ ಮೂರ್ ಸಲ ಬರ್ಕೊಂಡ್ ಬಂದವೆ. ಯಾಕ್ರೋ ಇದು ಅಂತ ಕೇಳುದ್ರೆ, ಅವಳಪ್ಪನ ತಕ್ಕಡಿ ಅಡೀಗೆ ಮಣ್ಣು ಮೆತ್ತವ್ರಂತೆ, ಸಾ ಯೋಳುದ್ರು ಅಂತವೆ. ಅವ್ವಂದ್ರು ಸೈನ್ ಬೇರೆ ಹಾಕವ್ರೆ. ಮೇಷ್ಟ್ರೇ ಯೋಳಿದ್ ಮೇಲೆ ಇನ್ನೇನು? ಶನಿವಾರ ಅರ್ಧ ಗಾಡಿ ಅಂಗೇ ವಾಪಸ್ ಬಂತು. ಕಾಲು ಕೇಜಿ ಕೇಳುದ್ರೆ ಮೇಲೊಂದು ಹಿಡಿ ಕೊಸರು ಹಾಕೋ ಮನ್ಸ ಸಾ ಅವನು. ಮಗೀಗೆ ಬೀದಿ ಹೈಕ್ಳೆಲ್ಲ ಕಳ್ಳ ತಕ್ಕಡಿ, ಕಳ್ಳ ತಕ್ಕಡಿ ಅಂತ ರೇಗುಸ್ತವೆ. ಇಸ್ಕೂಲ್ಗೆ ಓಗಾಕಿಲ್ಲ ಅಂತ ಕೂತದೆ."

ಹೆಡ್‌ಮಿಸ್‌ಗೆ ಹೇಳಿದೆ. "ಬಿಡಿ ಸರ್, ಒಂದು ವಾರ. ಮಕ್ಕಳು ಮರೀತಾರೆ, ಜನಾನೂ ಮರೀತಾರೆ," ಎಂದರು. ಹಾಗೆ ಬಿಡಬೇಕೆಂದು ನನಗೂ ಅನಿಸಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಆ ಬೀದಿಗೆ ಹೋದೆ. ಗಾಡಿಯ ಸುತ್ತ ಯಾರೂ ಇರಲಿಲ್ಲ. ಹುಡುಗಿಯ ಅಪ್ಪ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು. ನನ್ನನ್ನು ಗುರುತು ಹಿಡಿದು ತಲೆಯ ಟವೆಲ್ಲು ತೆಗೆದರು. ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಗಾಡಿಯ ಕೊಕ್ಕೆಯಲ್ಲಿ ತಕ್ಕಡಿ ತೂಗುತ್ತಿತ್ತು. ಒಂದು ತಟ್ಟೆಯ ಅಂಚು ಮುರಿದಿತ್ತು. ಆ ಬದಿಯ ಸರಪಳಿಗೆ ತಂತಿಯಲ್ಲಿ ಒಂದು ಕಬ್ಬಿಣದ ನಟ್ಟು ಕಟ್ಟಿತ್ತು. ಮುರಿದ ಚೂರಿನ ಭಾರಕ್ಕೆ ಸರಿಯಾಗಿ.

"ನನ್ನಿಂದ ತಪ್ಪಾಯ್ತು," ಎಂದೆ. "ಶಾಲೆಗೆ ನಿಮ್ಮ ತಕ್ಕಡಿ ತನ್ನಿ. ಮಕ್ಕಳೆಲ್ಲರ ಎದುರಿಗೆ ತೂಗಿ ತೋರಿಸೋಣ. ಸರಿ ಇದೆ ಅಂತ ಎಲ್ಲರಿಗೂ ಗೊತ್ತಾಗಲಿ."

"ಬ್ಯಾಡಿ ಸಾ."

"ಯಾಕೆ?"

"ತಂದ್ರೆ ನಂಗೇ ಅನುಮಾನ ಇತ್ತು ಅಂತಾಯ್ತದೆ. ಹದಿನೈದು ವರ್ಷದಿಂದ ಈ ಬೀದೀಲಿ ತೂಗ್ತಾವ್ನಿ, ಒಬ್ರೂ ತಟ್ಟೆ ತಿರುಗ್ಸಿ ನೋಡಿರ್ಲಿಲ್ಲ. ಶನಿವಾರ ಮೂರು ಜನ ತಿರುಗ್ಸುದ್ರು. ಇನ್ನು ಇಸ್ಕೂಲಲ್ಲೂ ತಿರುಗ್ಸಬೇಕಾ?"

ತಪ್ಪಾಯ್ತು ಎಂದು ಮತ್ತೆ ಅಂದೆ.

"ನನ್ ಮುಂದೆ ತಪ್ಪಾಯ್ತು ಅಂದ್ರೆ ಏನ್ ಬಂತು ಸಾ? ನನ್ ಮುಂದೆ ನೀವೇನೂ ಅಂದಿಲ್ವಲ್ಲ. ಎಲ್ಲಿ ಅಂದ್ರೋ ಅಲ್ಲಿ ಯೋಳಿ." ಅವರ ದನಿ ಏರಲಿಲ್ಲ. ಮತ್ತೆ ಸೊಪ್ಪಿಗೆ ನೀರು ಚಿಮುಕಿಸತೊಡಗಿದರು.

ಶಾಲೆಗೆ ನಡೆದು ಬರುವಷ್ಟರಲ್ಲಿ ನಿರ್ಧಾರ ಮಾಡಿದ್ದೆ. ನನ್ನ ಮಾತು ಯಾವ ದಾರಿಯಲ್ಲಿ ಬೀದಿಗೆ ಹೋಯಿತೋ ಅದೇ ದಾರಿಯಲ್ಲಿ ತಪ್ಪೊಪ್ಪಿಗೆಯೂ ಹೋಗಬೇಕು: ನಕಲು ಪುಸ್ತಕದಲ್ಲಿ, ಮೂರು ಸಲ, ಸಹಿಯೊಂದಿಗೆ.

ಅಂದು ಒಂಬತ್ತು ತಕ್ಕಡಿಗಳನ್ನೂ ಇಳಿಸಿ, ನೆಲದ ಮೇಲೆ ಮಕ್ಕಳ ನಡುವೆ ಕೂತೆ. ಮಂಡಿ ನೋವಿನಿಂದ ಅಲ್ಲಿಯವರೆಗೆ ನೆಲಕ್ಕೆ ಕೂತಿರಲಿಲ್ಲ. ಒಂದೊಂದನ್ನೇ ಬೋರಲು ಮಾಡಿ ತೋರಿಸಿದೆ.

"ಸಾ! ನೀವೂ ಮೆತ್ತಿದೀರಾ!"

"ಹೌದು. ಎಲ್ಲದಕ್ಕೂ ನಾನೇ ಅಂಟಿಸಿದ್ದು."

"ನಾನ್ ಅವತ್ತೇ ನೋಡ್ದೆ ಸಾ. ಬಾಯ್ ಮೇಲೆ ಬೆರಳು ಅಂದ್ಬುಟ್ರಿ."

"ಅಂಗಾದ್ರೆ ನೀವೂ ಕಳ್ಳ ವ್ಯಾಪಾರೀನಾ ಸಾ?" ಎಂದಳು ಒಂದನೆಯ ತರಗತಿಯವಳು. ಈ ಸಲ ಯಾರೂ ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು.

ಖಾಲಿ ತಕ್ಕಡಿ ಸಮವಾಗಿ ನಿಲ್ಲಲೆಂದು ಮಣ್ಣು ಅಂಟಿಸುವುದು ಮೋಸವಲ್ಲ, ಅದು ಸರಿಯಾದ ಕೆಲಸ. ಅವಳು ಅದನ್ನೇ ಮಾಡಿದ್ದು, ಅವಳ ಅಪ್ಪನೂ ಅದನ್ನೇ ಮಾಡುವುದು ಎಂದು ವಿವರಿಸಿದೆ. ಅವಳು ಮಾಡಿದಾಗ ಬೈದು, ನಾನು ಮಾಡಿದಾಗ ಮುಚ್ಚಿಟ್ಟೆ, ಮೋಸ ಅಲ್ಲಿದೆ ಎಂದೆ. ಎದ್ದು ಹಲಗೆಯ ಮೇಲೆ ಬರೆದೆ: "ನಮ್ಮ ಮೇಷ್ಟ್ರು ತಪ್ಪು ಹೇಳಿದರು. ತರಕಾರಿ ಅಣ್ಣನ ತಕ್ಕಡಿ ಸರಿಯಾಗಿದೆ."

ಮೂರನೆಯ ತರಗತಿಯ ಒಬ್ಬ ಪೆನ್ಸಿಲು ಕಚ್ಚಿಕೊಂಡು ಕೇಳಿದ: "ಸಾ, ತಪ್ಪು ಯೋಳುದ್ರು ಅಂತ ಬರೀಬೇಕಾ, ಸುಳ್ಳು ಯೋಳುದ್ರು ಅಂತ ಬರೀಬೇಕಾ?"

"ಯಾಕಪ್ಪ?"

"ಗೊತ್ತಿಲ್ದೆ ಯೋಳುದ್ರೆ ತಪ್ಪು. ಗೊತ್ತಿದ್ದೂ ಯೋಳುದ್ರೆ ಸುಳ್ಳಲ್ವಾ ಸಾ?"

ಮತ್ತೆ ಬಳಪ ಎತ್ತಿಕೊಂಡೆ. "ಮೇಷ್ಟ್ರು" ಎಂಬ ಪದದ ಪಕ್ಕ, ಮೇಲೆ, ಸಣ್ಣ ಅಕ್ಷರದಲ್ಲಿ "ಗೊತ್ತಿದ್ದೂ" ಎಂದು ಸೇರಿಸಿದೆ. ಹಲಗೆಯ ಮೇಲೆ ಹೀಗೆ ತಿದ್ದಿ ಬರೆಯುವುದು ನನ್ನ ಪದ್ಧತಿಯಲ್ಲ. ಮಕ್ಕಳು ಅದನ್ನೂ ಹಾಗೇ, ಮೇಲೆ, ಸಣ್ಣ ಅಕ್ಷರದಲ್ಲೇ ನಕಲು ಮಾಡಿದರು. ಮೂರು ಮೂರು ಸಲ.

ಮರುದಿನ ಇಪ್ಪತ್ತಾರು ಪುಸ್ತಕಗಳೂ ಸಹಿಯೊಂದಿಗೆ ಬಂದವು. ಒಂದರಲ್ಲಿ ಸಹಿಯ ಕೆಳಗೆ ಯಾರೋ ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದರು. ಹೆಡ್‌ಮಿಸ್ ಒಂದು ಪುಸ್ತಕ ಹಿಡಿದು ಬಂದು, "ಏನ್ ಸರ್ ಇದು, ನಿವೃತ್ತಿ ಹತ್ರ ಇಟ್ಕೊಂಡು!" ಎಂದರು. ಭೇಟಿ ಪುಸ್ತಕ ಕೇಳಿ ತೆಗೆದುಕೊಂಡು, ಬಂದವರ ನಾಲ್ಕು ಸಾಲಿನ ಕೆಳಗೆ, ತಕ್ಕಡಿಗಳನ್ನು ಮಾಡಿದ್ದೂ ಸಮ ಮಾಡಿದ್ದೂ ಮಕ್ಕಳಲ್ಲ, ನಾನು, ಎಂದು ಬರೆದು ದಿನಾಂಕ ಹಾಕಿದೆ.

ಶುಕ್ರವಾರ ಹುಡುಗಿ ಬಂದಳು. ನನ್ನ ಕಡೆ ನೋಡಲಿಲ್ಲ. ತಕ್ಕಡಿಗಳ ಮಣ್ಣನ್ನೆಲ್ಲ ಕೆರೆದು ಇಟ್ಟಿದ್ದೆ. "ಇವನ್ನು ಸಮ ಮಾಡೋದು ಹೇಗೆ ಅಂತ ಎಲ್ಲರಿಗೂ ತೋರಿಸ್ತೀಯಾಮ್ಮ?" ಎಂದೆ. ಅವಳು ಎದ್ದು ತನ್ನ ಗುಂಪಿನ ತಕ್ಕಡಿ ಮಾತ್ರ ತೆಗೆದುಕೊಂಡಳು. ಎತ್ತಿ ಹಿಡಿದು, ಅಲುಗಾಟ ನಿಲ್ಲುವವರೆಗೆ ಕಾದಳು. ಆ ಕಾಯುವುದನ್ನು ನಾನು ಯಾವ ದಿನವೂ ಮಾಡಿರಲಿಲ್ಲ. ಯಾವ ಚಿಪ್ಪು ಮೇಲಿದೆ ಎಂದು ಕಣ್ಣ ಮಟ್ಟಕ್ಕೆ ತಂದು ನೋಡಿದಳು. ಮಣ್ಣನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಅಂಟಿಸಿ, ಆಮೇಲೆ ಚೂರು ಚೂರೇ ಚಿವುಟಿ ತೆಗೆದಳು. ಇತರ ಮಕ್ಕಳು ಸುತ್ತ ಮುತ್ತಿದರು. ಮಧ್ಯಾಹ್ನದೊಳಗೆ ಒಂಬತ್ತೂ ತಕ್ಕಡಿ ಅವರ ಕೈಯಿಂದಲೇ ಸಮವಾದವು. ಕೆಲವಕ್ಕೆ ಅಡಿಯಲ್ಲಿ ದೊಡ್ಡ ಉಂಡೆ, ಕೆಲವಕ್ಕೆ ಮಣ್ಣಿನೊಳಗೆ ಹುಣಸೆಬೀಜ. ನೋಡಲು ಅಂದವಿರಲಿಲ್ಲ. ನಾನು ಬಕೆಟ್ಟು ಹಿಡಿದುಕೊಂಡು ಗುಂಪಿಂದ ಗುಂಪಿಗೆ ಹೋಗುತ್ತಿದ್ದೆ. ನನ್ನಿಂದ ಅವಳು ಮಣ್ಣು ತೆಗೆದುಕೊಂಡಳು, ತನ್ನ ಗುಂಪಿನ ಕಡೆ ತಿರುಗಿದಳು.

ಭಾನುವಾರ ಚೀಲ ಹಿಡಿದು ಆ ಬೀದಿಗೆ ಹೋದೆ. ಗಾಡಿಯ ಹತ್ತಿರ ನಾಲ್ಕು ಜನ ಹೆಂಗಸರಿದ್ದರು. ಅಡುಗೆಯಮ್ಮನೂ ಇದ್ದರು. ಹುಡುಗಿಯ ಅಪ್ಪ ಅವರಿಗೆ ಅರ್ಧ ಕೇಜಿ ಹುರುಳಿಕಾಯಿ ತೂಗಿ, ಮೇಲೊಂದು ಹಿಡಿ ಹಾಕಿದರು. ಪಕ್ಕದವರಿಗೆ ಟೊಮೆಟೊ ತೂಗಿ, ಮೇಲೆರಡು. ಇನ್ನೊಬ್ಬರು ತಟ್ಟೆಯನ್ನು ತಿರುಗಿಸಿ ನೋಡಿ ಕೊಟ್ಟರು. ಅವರಿಗೂ ಕೊಸರು ಬಿತ್ತು.

"ಒಂದು ಕೇಜಿ ಬದನೆಕಾಯಿ," ಎಂದೆ. ಎಲ್ಲರಿಗೂ ಕೇಳುವ ಹಾಗೆ.

ಅವರು ಖಾಲಿ ತಕ್ಕಡಿ ಎತ್ತಿ ನನ್ನ ಕಣ್ಣ ಮಟ್ಟಕ್ಕೆ ಹಿಡಿದರು. ಅಲುಗಾಟ ನಿಲ್ಲುವವರೆಗೂ ಇಬ್ಬರೂ ಕಾದೆವು. ಆಮೇಲೆ ತೂಕದ ಬಟ್ಟು ಹಾಕಿ, ಬದನೆಕಾಯಿ ಹಾಕುತ್ತ ಬಂದರು. ಕೊನೆಯದು ಬಿದ್ದಾಗ ತಟ್ಟೆ ಒಂದಿಷ್ಟು ಕೆಳಗೆ ಇಳಿಯಿತು. ಅದನ್ನು ತೆಗೆದು, ಅದಕ್ಕಿಂತ ಸಣ್ಣದೊಂದನ್ನು ಹುಡುಕಿ ಹಾಕಿದರು. ಮುಳ್ಳು ನಡುವಿಗೆ ಬಂದು ನಿಂತಿತು.

"ಸರಿಯಾಗದೆ ನೋಡ್ಕಳಿ ಸಾ," ಎಂದರು.

"ಸರಿಯಾಗಿದೆ," ಎಂದೆ.

ಚೀಲಕ್ಕೆ ಸುರಿದರು. ಮೇಲೆ ಏನೂ ಹಾಕಲಿಲ್ಲ.

ನಿವೃತ್ತಿಯವರೆಗೂ, ಆಮೇಲೂ, ಪ್ರತಿ ಭಾನುವಾರ ಅವರ ಹತ್ತಿರವೇ ತರಕಾರಿ ತೆಗೆದುಕೊಳ್ಳುತ್ತಿದ್ದೇನೆ. ಈಗ ಮಾತಾಡುತ್ತಾರೆ, ಮಗಳ ಓದಿನ ವಿಷಯ ಹೇಳುತ್ತಾರೆ. ಆದರೆ ಬೀದಿಗೆಲ್ಲ ಕೊಸರು ಹಾಕುವ ಆ ಕೈ ನನಗೆ ಇಂದಿಗೂ ಸರಿಯಾಗಿ ತೂಗುತ್ತದೆ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ನಾನು ಕೇಳುವುದೂ ಇಲ್ಲ.